ಕೆಟ್ಟ ದಿನ ನೋಡಿ ಪಾಠ ಕಟ್ಟಿ

ಮಗುವನ್ನು ಮನೆಯಲ್ಲೇ ಓದಿಸುತ್ತೇವೆ ಎಂದು ನೀವಿಬ್ಬರೂ ಕೂತು ತೀರ್ಮಾನಿಸಿದ್ದೀರಿ. ತರಗತಿಯ ಗದ್ದಲ ತಡೆಯಲಾರದೆ ಮಗು ದಿನವೂ ಅತ್ತಿರಬಹುದು, ನಿಮ್ಮೂರ ಶಾಲೆಯ ಮೆಟ್ಟಿಲಿಗೆ ಗಾಲಿಕುರ್ಚಿ ಏರದಿರಬಹುದು, ಮೂರ್ಛೆ ಬರುತ್ತದೆಂದು ಹೆದರಿ ಮೇಷ್ಟ್ರೇ ‘ಸ್ವಲ್ಪ ದಿನ ಮನೇಲಿರಲಿ’ ಎಂದಿರಬಹುದು. ಕಾರಣ ಏನೇ ಇರಲಿ, ನೆಂಟರಿಷ್ಟರ ಮುಂದೆ ಅದನ್ನು ಸಮರ್ಥಿಸಿಕೊಳ್ಳುತ್ತಾ ಕೂರಬೇಡಿ. ನಿಮ್ಮ ಶಕ್ತಿಗೆ ಬೇರೆ ಕೆಲಸ ಕಾದಿದೆ. ಇಂಥ ಮಕ್ಕಳ ಮನೆಮನೆಗೆ ಹೋಗಿ, ಅವರ ಜೊತೆ ನೆಲದ ಮೇಲೆ ಕೂತು, ಅವರ ಅಮ್ಮಂದಿರ ಸಂಕಟ ಕೇಳಿ ತಲೆ ನರೆಸಿಕೊಂಡವಳು ನಾನು. ಆ ಮನೆಗಳಿಂದ ಕಲಿತದ್ದರಲ್ಲಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಮಗುವಿನ ಒಳ್ಳೆಯ ದಿನ ನೋಡಿ ವೇಳಾಪಟ್ಟಿ ಬರೆಯಬೇಡಿ, ಕೆಟ್ಟ ದಿನ ನೋಡಿ ಬರೆಯಿರಿ.

ಮೊದಲ ವಾರದ ಹುಮ್ಮಸ್ಸು ಎಲ್ಲ ಮನೆಯಲ್ಲೂ ಒಂದೇ. ಗೋಡೆಗೆ ಚಾರ್ಟು ಬರುತ್ತದೆ. ಒಂಬತ್ತಕ್ಕೆ ಕನ್ನಡ, ಹತ್ತಕ್ಕೆ ಲೆಕ್ಕ, ಹನ್ನೊಂದಕ್ಕೆ ಫಿಸಿಯೋಥೆರಪಿ. ಮಗು ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನ ಅಷ್ಟೂ ನಡೆಯುತ್ತದೆ. ಆಮೇಲೊಂದು ರಾತ್ರಿ ನಿದ್ದೆ ಕೆಡುತ್ತದೆ, ಮನೆಗೆ ಜನ ಬರುತ್ತಾರೆ, ಕರೆಂಟು ಹೋಗಿ ಫ್ಯಾನು ನಿಲ್ಲುತ್ತದೆ. ಬೆಳಿಗ್ಗೆ ಚಾರ್ಟಿನ ಮೊದಲ ಸಾಲೇ ನಡೆಯುವುದಿಲ್ಲ. ಇಂಥ ನಾಲ್ಕು ದಿನ ಬಂದರೆ ಅಮ್ಮನಿಗೆ ತಾನೇ ಸೋತೆ ಅನ್ನಿಸುತ್ತದೆ, ಅಪ್ಪ ಆ ಗೋಡೆಯ ಕಡೆ ನೋಡುವುದನ್ನೇ ಬಿಡುತ್ತಾನೆ. ಅದಕ್ಕೇ ಜ್ವರ, ಜಗಳ, ಮದುವೆಮನೆ, ಜಡಿಮಳೆ ಯಾವುದಕ್ಕೂ ನಿಲ್ಲದಂಥ ಮೂರೇ ಕೆಲಸ ಆರಿಸಿಕೊಳ್ಳಿ. ಮೈಗೆ ಸಂಬಂಧಿಸಿದ್ದೊಂದು: ತಾನೇ ಮುಖ ತೊಳೆಯುವುದೋ, ಚಡ್ಡಿ ಏರಿಸಿಕೊಳ್ಳುವುದೋ. ಮಾತಿಗೆ ಸಂಬಂಧಿಸಿದ್ದೊಂದು: ಬೇಕಾದ್ದನ್ನು ಬಾಯಿಂದಲೋ ಸನ್ನೆಯಿಂದಲೋ ಚಿತ್ರ ಮುಟ್ಟಿಯೋ ಕೇಳುವುದು. ಹೊಸ್ತಿಲು ದಾಟುವಂಥದ್ದೊಂದು: ಡೈರಿಗೆ ಹಾಲು ಹಾಕಲು ಜೊತೆಯಲ್ಲಿ ಹೋಗಿಬರುವುದು. ಮೂರೂ ಸೇರಿ ಅರ್ಧ ಗಂಟೆ ಮೀರದಿರಲಿ. ಒಳ್ಳೆಯ ದಿನ ಬಂದಾಗ ಅದರ ಮೇಲೆ ಎಷ್ಟು ಬೇಕಾದರೂ ಸೇರಿಸಿ.

ನಿನ್ನೆ ಐದರವರೆಗೆ ಎಣಿಸಿದ ಮಗು ಇವತ್ತು ಎರಡಕ್ಕೇ ನಿಂತರೆ ‘ಹಟ’ ಎನ್ನುವ ಮಾತು ಬಾಯಿಗೆ ಬರುವ ಮೊದಲು ಮೈ ನೋಡಿ. ನೋವನ್ನು ಹೇಳಿಕೊಳ್ಳಲಾಗದ ಮಗು ಅದನ್ನು ನಡತೆಯಲ್ಲೇ ತೋರಿಸುತ್ತದೆ. ಹಲ್ಲುನೋವಿಗೆ ತಲೆ ಚಚ್ಚಿಕೊಳ್ಳುತ್ತದೆ, ಕಿವಿ ಸೋರುತ್ತಿದ್ದರೆ ಕೂಗಿದರೂ ತಿರುಗುವುದಿಲ್ಲ, ಮೂರು ದಿನ ಮಲವಿಸರ್ಜನೆಯಾಗದಿದ್ದರೆ ಕಂಡದ್ದನ್ನೆಲ್ಲ ಎಸೆಯುತ್ತದೆ. ಮಲಬದ್ಧತೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲೂ ಆಟಿಸಂ ಇರುವ ಮಕ್ಕಳಲ್ಲೂ ತುಂಬಾ ಸಾಮಾನ್ಯ. ಅದನ್ನು ಸರಿಪಡಿಸಿದ ಮೇಲೆ ಪಾಠ ತಾನಾಗಿ ಮುಂದೆ ಹೋದ ಮನೆಗಳನ್ನು ನೋಡಿದ್ದೇನೆ. ಡೌನ್ ಸಿಂಡ್ರೋಮ್ ಇರುವ ಮಗುವಾದರೆ ಕಿವಿ, ಕಣ್ಣು, ಥೈರಾಯ್ಡ್ ಮೂರನ್ನೂ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಲೇಬೇಕು. ಥೈರಾಯ್ಡ್ ಇಳಿದ ಮಗು ಮಂಕಾಗಿ ಕೂತಿರುತ್ತದೆ, ನಾವು ಸೋಮಾರಿ ಅಂದುಕೊಳ್ಳುತ್ತೇವೆ. ಮೂರ್ಛೆ ಬಂದು ಹೋದ ದಿನ ನೆನಪು ಮಸುಕಾಗಿರುತ್ತದೆ, ಮಾತ್ರೆಯ ಪ್ರಮಾಣ ಬದಲಾದ ವಾರ ತೂಕಡಿಕೆ ಇರುತ್ತದೆ. ಆಗ ಪಾಠ ಬಿಡಿ, ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ. ‘ಮಗು ಮಂಕಾಗ್ತಿದೆ’ ಎಂದು ಫಿಟ್ಸ್ ಮಾತ್ರೆಯನ್ನು ಸಟ್ಟನೆ ನಿಲ್ಲಿಸಿದರೆ ಮೂರ್ಛೆ ಮೊದಲಿಗಿಂತ ಜೋರಾಗಿ ಮರಳಬಹುದು. ಡಾಕ್ಟರಿಗೆ ಹೇಳಿ ಪ್ರಮಾಣ ಬದಲಿಸಿಕೊಳ್ಳಿ.

ಇದಕ್ಕೆಲ್ಲ ಒಂದು ನೋಟುಬುಕ್ಕು ಸಾಕು. ಮಲಗುವ ಮೊದಲು ಒಂದು ಸಾಲು: ನಿದ್ದೆ ಹೇಗಿತ್ತು, ಹೊಟ್ಟೆ ಹೇಗಿತ್ತು, ಯಾವುದಕ್ಕೆ ಸಿಡಿದೆದ್ದಿತು, ಹೊಸದಾಗಿ ಏನು ಮಾಡಿತು. ದಿನದ ಲೆಕ್ಕದಲ್ಲಿ ಕಾಣದ್ದು ತಿಂಗಳ ಲೆಕ್ಕದಲ್ಲಿ ಕಾಣುತ್ತದೆ. ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೇ ಮಗು ಕಿರುಚುತ್ತದೆ ಎಂಬುದು ಒಂದು ಮನೆಯವರಿಗೆ ಆ ಪುಸ್ತಕ ತಿರುವಿದಾಗಲೇ ಹೊಳೆದದ್ದು. ಆಸ್ಪತ್ರೆಗೆ ಹೋಗುವಾಗಲೂ ಅದನ್ನೇ ಒಯ್ಯಿರಿ. ಐದು ನಿಮಿಷ ಮಾತ್ರ ಸಿಗುವ ಡಾಕ್ಟರ ಮುಂದೆ ‘ಆಗಾಗ ಹೀಗಾಗುತ್ತೆ’ ಎನ್ನುವುದಕ್ಕಿಂತ ದಿನಾಂಕ ತೋರಿಸುವುದು ಮೇಲು. ಇನ್ನೊಂದು ಕಾರಣಕ್ಕೂ ಆ ಪುಸ್ತಕ ಬೇಕು. ಎರಡು ದಿನ ಹಿಂದೆ ಹೋಗಿ ಮೂರನೆಯ ದಿನ ಮುಂದೆ ಬರುವುದು ಸಹಜ. ಆದರೆ ಇದ್ದ ಮಾತು ವಾರಗಟ್ಟಲೆ ಬಾರದಿದ್ದರೆ, ಚೆನ್ನಾಗಿ ನಡೆಯುತ್ತಿದ್ದ ಮಗು ಎಡವತೊಡಗಿದರೆ ಅದನ್ನು ಸಹಜ ಏರಿಳಿತ ಎಂದು ತಳ್ಳಬೇಡಿ, ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ.

ಮಗು ಪೂರ್ತಿ ಕೆರಳಿದ ಹೊತ್ತಿನಲ್ಲಿ ಬುದ್ಧಿ ಹೇಳಲು ಹೋಗಬೇಡಿ. ಆಗ ಕಿವಿಗೆ ಮಾತು ಇಳಿಯುವುದಿಲ್ಲ. ದೀಪ ಆರಿಸಿ, ಟಿವಿ ನಿಲ್ಲಿಸಿ, ಸುತ್ತ ನಿಂತವರನ್ನು ಆಚೆ ಕಳಿಸಿ, ಹತ್ತಿರದಲ್ಲಿ ಸುಮ್ಮನೆ ಕೂತಿರಿ. ತಣ್ಣಗಾದ ಮೇಲೆ ನೀರು ಕೊಡಿ. ಅವತ್ತಿನ ಮೂರು ಕೆಲಸದಲ್ಲಿ ಅತಿ ಸುಲಭದ್ದೊಂದನ್ನು ಮಾಡಿಸಿ ‘ಭೇಷ್’ ಎಂದು ದಿನ ಮುಗಿಸಿ.

ಇನ್ನು ಕಲಿಸುವ ರೀತಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪೋರ್ಟೇಜ್ ಎಂಬ ಊರಿದೆ. ಸುತ್ತಲೂ ಹಳ್ಳಿಗಳು, ಮನೆಗಳು ದೂರದೂರ, ಮಕ್ಕಳನ್ನು ಒಂದೆಡೆ ಸೇರಿಸುವುದು ಕಷ್ಟ. ಹಾಗಾಗಿ 1969ರಲ್ಲಿ ಅಲ್ಲಿ ಶಿಕ್ಷಕಿಯರೇ ವಾರಕ್ಕೊಮ್ಮೆ ಮನೆಗೆ ಹೋಗಿ ತಾಯಿಗೆ ತೋರಿಸಿಕೊಟ್ಟು ಬರುವ, ವಾರವಿಡೀ ತಾಯಿಯೇ ಕಲಿಸುವ ಕ್ರಮ ಶುರುವಾಯಿತು. ಮುಂದೆ ಅದು ನಮ್ಮ ದೇಶಕ್ಕೂ ಬಂತು. ಅದರ ಜೀವಾಳ ಇಷ್ಟೇ: ಒಂದು ಕೆಲಸವನ್ನು ಮಗುವಿನ ಅಳತೆಗೆ ಒಡೆಯುವುದು. ಚಡ್ಡಿ ಹಾಕಿಕೊಳ್ಳುವುದನ್ನೇ ನೋಡಿ. ಒಂದು ಕಾಲು ತೂರಿಸು, ಇನ್ನೊಂದು ತೂರಿಸು, ಮೊಣಕಾಲಿಗೆ ಎಳೆ, ತೊಡೆಗೆ ಎಳೆ, ಸೊಂಟಕ್ಕೆ ಏರಿಸು. ಇದನ್ನು ಕೊನೆಯಿಂದ ಕಲಿಸಿ. ನಾಲ್ಕು ಹೆಜ್ಜೆ ನೀವು ಮಾಡಿ, ಸೊಂಟಕ್ಕೆ ಏರಿಸುವ ಐದನೆಯದನ್ನು ಮಗುವಿಗೆ ಬಿಡಿ. ಪ್ರತಿ ಸಲವೂ ಮುಗಿಸಿದ ಖುಷಿ ಅದರ ಪಾಲಿಗೇ ಸಿಗುತ್ತದೆ. ಅದು ಗಟ್ಟಿಯಾದ ಮೇಲೆ ತೊಡೆಗೆ ಎಳೆಯುವುದನ್ನೂ ಬಿಟ್ಟುಕೊಡಿ. ಮೊದಲಿನಿಂದ ಕಲಿಸಿದರೆ ಮಗು ಅರ್ಧದಲ್ಲಿ ಸಾಕಾಗಿ ಎದ್ದುಹೋಗುತ್ತದೆ, ಉಳಿದದ್ದನ್ನು ನೀವೇ ಗಡಿಬಿಡಿಯಲ್ಲಿ ಮುಗಿಸುತ್ತೀರಿ, ಅದಕ್ಕೆ ಗೆದ್ದ ನೆನಪೇ ಇರುವುದಿಲ್ಲ.

ಅಡುಗೆಮನೆಯನ್ನು ಬಿಟ್ಟು ಬೇರೆ ಪಾಠಶಾಲೆ ಹುಡುಕಬೇಕಿಲ್ಲ. ಅವರೆಕಾಯಿ ಸುಲಿಯುವಾಗ ಬೆರಳಿಗೆ ಬಲ ಬರುತ್ತದೆ. ಪೆನ್ಸಿಲ್ ಹಿಡಿಯುವುದಕ್ಕೂ ಅದೇ ಬೆರಳು ಬೇಕು. ಊಟಕ್ಕೆ ನಾಲ್ಕು ತಟ್ಟೆ ಇಡುವುದು, ಪ್ರತಿ ತಟ್ಟೆಗೆ ಒಂದು ಮುದ್ದೆ ಬಡಿಸುವುದು ಲೆಕ್ಕವೇ. ಹತ್ತು ರೂಪಾಯಿ ಕೊಟ್ಟು ಅಂಗಡಿಯಿಂದ ಬಿಸ್ಕತ್ತು ತರುವ ಮಗು ಮಗ್ಗಿ ಹೇಳದಿದ್ದರೂ ಚಿಂತೆಯಿಲ್ಲ. ಓದಿನ ವಿಷಯದಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ವರ್ಣಮಾಲೆ ಪೂರ್ತಿಯಾಗಿ, ಕಾಗುಣಿತ ಮುಗಿದು, ಒತ್ತಕ್ಷರ ಬಂದ ಮೇಲೆಯೇ ಪದ ಎಂದು ಕಾಯುತ್ತಾ ಕೂತರೆ ಕೆಲವು ಮಕ್ಕಳ ಬಾಲ್ಯ ಅ ಆ ಇ ಈಯಲ್ಲೇ ಕಳೆದುಹೋಗುತ್ತದೆ. ಡೌನ್ ಸಿಂಡ್ರೋಮ್ ಇರುವ ಬಹಳ ಮಕ್ಕಳು ಕೇಳಿದ್ದಕ್ಕಿಂತ ಕಂಡದ್ದನ್ನು ಚೆನ್ನಾಗಿ ನೆನಪಿಡುತ್ತಾರೆ. ಅವರಿಗೆ ಇಡೀ ಪದವನ್ನೇ ತೋರಿಸಿ: ಮೊದಲು ತನ್ನ ಹೆಸರು, ಅಮ್ಮನ ಹೆಸರು, ಆಮೇಲೆ ಊರಿನ ಬಸ್ಸಿನ ಬೋರ್ಡು, ‘ಮಹಿಳೆಯರು’, ‘ಪುರುಷರು’, ‘ಅಪಾಯ’. ಬದುಕಿಗೆ ಬೇಕಾದ ಪದಗಳು ಮೊದಲು ಬರಲಿ, ಅಕ್ಷರ ಬಿಡಿಸುವುದು ಹಿಂದೆಯೇ ಬರುತ್ತದೆ. ಮಾತು ಬಾರದ ಮಗುವಿಗೆ ಚಿತ್ರದ ಕಾರ್ಡು ಕೊಟ್ಟರೆ ಮಾತು ಬರುವುದೇ ಇಲ್ಲ ಎಂದು ಹೆದರಿಸುವವರಿದ್ದಾರೆ. ನಂಬಬೇಡಿ. ನೀರಿನ ಚಿತ್ರ ಮುಟ್ಟಿದ ತಕ್ಷಣ ನೀರು ಸಿಕ್ಕಿತೆಂದರೆ ಕೇಳುವುದರಿಂದ ಏನು ಸಿಗುತ್ತದೆ ಎಂಬುದು ಮಗುವಿಗೆ ತಿಳಿಯುತ್ತದೆ. ಮಾತು ಬರುವುದಿದ್ದರೆ ಅದರ ಬೆನ್ನಿಗೇ ಬರುತ್ತದೆ.

ಇಷ್ಟನ್ನೂ ಒಬ್ಬ ತಾಯಿಯ ತಲೆಗೆ ಕಟ್ಟಬೇಡಿ, ಇದನ್ನು ಮುಖ್ಯವಾಗಿ ಅಪ್ಪಂದಿರಿಗೆ ಹೇಳುತ್ತಿದ್ದೇನೆ. ನಾನು ಕಂಡ ಮನೆಗಳಲ್ಲಿ ಪಾಠ ನಿಂತದ್ದು ಹೆಚ್ಚಾಗಿ ಮಗುವಿನಿಂದಲ್ಲ, ತಾಯಿ ಬಸವಳಿದದ್ದರಿಂದ. ವಾರದಲ್ಲಿ ಅರ್ಧ ದಿನವಾದರೂ ಅವಳು ಮನೆಯಿಂದ ಹೊರಗಿರಲಿ. ತವರಿಗೆ ಹೋಗಲಿ, ದೇವಸ್ಥಾನದ ಕಟ್ಟೆಯ ಮೇಲೆ ಕೂರಲಿ, ಸುಮ್ಮನೆ ನಿದ್ದೆ ಮಾಡಲಿ. ಆ ಅರ್ಧ ದಿನ ಮೂರು ಕೆಲಸ ನಡೆಸುವುದು ಅಪ್ಪನ ಪಾಲು. ಅಜ್ಜಿ ಎಲ್ಲವನ್ನೂ ತಾನೇ ಮಾಡಿಕೊಟ್ಟು ಮಗುವನ್ನು ಮುದ್ದಿನಲ್ಲೇ ಕೂರಿಸುತ್ತಾರೆಂದು ಸೊಸೆಯಂದಿರು ದೂರುತ್ತಾರೆ. ಅಜ್ಜಿಗೂ ಒಂದು ಹೆಜ್ಜೆ ವಹಿಸಿಕೊಡಿ, ‘ಅತ್ತೆ, ತುತ್ತು ಕಲಸಿ ಕೊಡೋದು ನಿಮ್ಮದು, ಬಾಯಿಗೆ ಇಟ್ಟುಕೊಳ್ಳೋದು ಅವನದು’ ಎನ್ನಿ. ಒಡಹುಟ್ಟಿದ ಮಗುವನ್ನು ಚಿಕ್ಕ ಮೇಷ್ಟ್ರು ಮಾಡಬೇಡಿ. ಅದಕ್ಕೂ ನಿಮ್ಮ ಪೂರ್ತಿ ಗಮನ ಸಿಗುವ ಹೊತ್ತೊಂದು ಬೇಕು.

ತಾಯಿ ಮೊದಲು ಕಲಿತು ಆಮೇಲೆ ಮಗುವಿಗೆ ಕಲಿಸುವುದು ನಮ್ಮ ನಾಡಿಗೆ ಹೊಸದೇನಲ್ಲ. ಕಿವಿ ಕೇಳದ ಮಕ್ಕಳ ಜೊತೆ ತಾಯಂದಿರೂ ಅಲ್ಲೇ ಉಳಿದು ಕಲಿಯುವ ಶಾಲೆ ಮೈಸೂರಿನಲ್ಲಿದೆ. ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲೂ ತಂದೆತಾಯಿಗೆ ತಿಳಿಸಿಕೊಡುತ್ತಾರೆ. ಹೋದಾಗ ‘ಥೆರಪಿ ಮಾಡಿ ಕಳಿಸಿ’ ಎನ್ನುವ ಬದಲು ‘ನಾವು ಮನೆಯಲ್ಲಿ ಏನು ಮಾಡಬೇಕು, ಕೈಹಿಡಿದು ತೋರಿಸಿ’ ಎಂದು ಕೇಳಿ.

ಕಾಗದಪತ್ರದ ವಿಷಯ ಬೇಸರದ್ದು, ಆದರೂ ಬಿಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳಬಹುದು. ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಅಂದರೆ ಬಿಆರ್‌ಸಿಗೆ ಹೋಗಿ, ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕಂಡು ಹೆಸರು ಬರೆಸಿ. ಆಯ್ಕೆ ನಿಮ್ಮದು ಎಂಬುದು ಮಾತ್ರ ಗಮನದಲ್ಲಿರಲಿ. ಶೇಕಡ 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವಯಸ್ಸಿನ ಮಗುವಿಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ‘ಮನೆಯಲ್ಲೇ ಇಟ್ಟುಕೊಳ್ಳಿ’ ಎಂದು ಯಾರೂ ನಿಮ್ಮನ್ನು ಸಾಗಹಾಕುವಂತಿಲ್ಲ. ಪ್ರತಿ ವರ್ಷ ಶಾಲೆ ತೆರೆಯುವ ಮೊದಲು, ಈಗ ಮಗು ಶಾಲೆಗೆ ಹೋಗಬಲ್ಲದೇ ಎಂದು ಇಬ್ಬರೂ ಕೂತು ಹೊಸದಾಗಿ ಯೋಚಿಸಿ. ದಿನಕ್ಕೆ ಒಂದು ಗಂಟೆಯಿಂದಲಾದರೂ ಶುರುಮಾಡಬಹುದೇ ಎಂದು ಮೇಷ್ಟ್ರನ್ನೂ ಕೇಳಿ.

ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ, ಮಾಸಾಶನಕ್ಕೆ ದಾರಿ ತೋರಿಸಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಮರ್ಥತೆ, ಬಹುವಿಧ ವೈಕಲ್ಯ ಇದ್ದವರಿಗೆ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಪರೀಕ್ಷೆ ಬರೆಯಬಲ್ಲ ಮಗುವಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಅಲ್ಲಿ 14 ತುಂಬಿದ ಮೇಲೆ ಹತ್ತನೆಯದಕ್ಕೆ ಸೇರಬಹುದು. ಐದು ವರ್ಷದಲ್ಲಿ ಒಂಬತ್ತು ಅವಕಾಶ, ಒಂದೊಂದೇ ವಿಷಯ ಬರೆದು ಮುಗಿಸಬಹುದು. ಕೆಟ್ಟ ದಿನಗಳಿರುವ ಮಕ್ಕಳಿಗೆ ಇದಕ್ಕಿಂತ ಹೊಂದುವ ಪರೀಕ್ಷೆಯನ್ನು ನಾನು ಕಾಣೆ. ಬರೆಯಲು ಸಹಾಯಕರನ್ನೂ, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವನ್ನೂ ಕೇಳಿ ಪಡೆಯಿರಿ.

ತೀರಾ ಕುಗ್ಗಿದ ದಿನಗಳಲ್ಲೇ ‘ಪೂರ್ತಿ ಗುಣ ಮಾಡುತ್ತೇವೆ’ ಎನ್ನುವವರ ಫೋನ್ ನಂಬರು ಯಾರೋ ತಂದುಕೊಡುತ್ತಾರೆ. ಹೊಲ ಅಡವಿಟ್ಟು ಆಟಿಸಂಗೆ ಸ್ಟೆಮ್ ಸೆಲ್ ಚುಚ್ಚಿಸಲು ಹೊರಡಬೇಡಿ. ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಆ ದುಡ್ಡು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿರಲಿ.

ಮಗು ಮಗುವಾಗಿಯೇ ಉಳಿಯುವುದಿಲ್ಲ. ಹೆಣ್ಣುಮಗುವಿಗೆ ಮುಟ್ಟಾಗುವ ಮೊದಲೇ ಪ್ಯಾಡ್ ಹಾಕಿ ಓಡಾಡುವ ಅಭ್ಯಾಸ ಮಾಡಿಸಿ, ಯಾರು ಎಲ್ಲಿ ಮುಟ್ಟಬಾರದು ಎಂಬುದನ್ನು ಗಂಡಿಗೂ ಹೆಣ್ಣಿಗೂ ಬೊಂಬೆ ಇಟ್ಟು ತಿಳಿಸಿ, ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸುವುದನ್ನು ಚಿಕ್ಕಂದಿನಿಂದಲೇ ರೂಢಿ ಮಾಡಿಸಿ. 18 ತುಂಬಿದ ದಿನದಿಂದ ಕಾನೂನಿನ ಕಣ್ಣಿನಲ್ಲಿ ನೀವು ತಾನಾಗಿಯೇ ಪೋಷಕರಲ್ಲ. ನಿರಾಮಯ ವಿಮೆಯ ಮಾತಿನಲ್ಲಿ ಹೇಳಿದ ನಾಲ್ಕು ಸ್ಥಿತಿಯವರಿಗೆ ಪೋಷಕತ್ವ ಬೇಕಿದ್ದರೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಹೋಗುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ. ಹೆಸರೇನು, ಯಾರ ಜೊತೆ ಇರಲು ಇಷ್ಟ ಎಂದು ಅಲ್ಲಿ ಕೇಳಿದರೆ ಉತ್ತರ ಅವರಿಂದಲೇ ಬರಲಿ, ಬಾಯಿಂದಾದರೂ ಸರಿ, ಕಾರ್ಡು ಮುಟ್ಟಿಯಾದರೂ ಸರಿ. ಎಷ್ಟು ಹೊತ್ತಾದರೂ ನೀವು ಮಧ್ಯೆ ಬಾಯಿ ಹಾಕಬೇಡಿ.