ನವಿಲಿನ ಬಣ್ಣ ಮತ್ತು ವಂಶಗುಣ

ನವಿಲು ಎಂದೊಡನೆ ನೀಲಿಯ ಕೊರಳೂ ಹಸುರು ಹೊನ್ನು ಬೆರೆತ ಸೋಗೆಯೂ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಮೃಗಾಲಯಗಳಲ್ಲಿ ಹಾಲಿನಂತೆ ಬೆಳ್ಳಗಿರುವ ನವಿಲುಗಳೂ ಉಂಟು. ಅವು ಬೇರೆ ಜಾತಿಯ ಹಕ್ಕಿಗಳಲ್ಲ. 1963ರಲ್ಲಿ ರಾಷ್ಟ್ರಪಕ್ಷಿಯೆಂದು ಘೋಷಿತವಾದ ನೀಲಿ ನವಿಲಿನ ಸಂತಾನವೇ. ಒಂದೇ ಕುಲದಲ್ಲಿ ಇಂಥ ಭೇದವು ಹುಟ್ಟುವುದು ಹೇಗೆ?

ನವಿಲಿನ ಗರಿಯಲ್ಲಿ ನೀಲಿಯ ವರ್ಣದ್ರವ್ಯವೇ ಇಲ್ಲವೆಂದರೆ ಆಶ್ಚರ್ಯವಾಗಬಹುದು. ಅಲ್ಲಿರುವುದು ಮೆಲನಿನ್ ಎಂಬ ಕಂದುಗಪ್ಪು ದ್ರವ್ಯ. ಅದರ ಅತಿಸೂಕ್ಷ್ಮ ಕಡ್ಡಿಗಳು ಗರಿಯ ಎಳೆಗಳಲ್ಲಿ ಜಾಲರಿಯಂತೆ ಜೋಡಣೆಗೊಂಡಿರುತ್ತವೆ. ಆ ಜಾಲರಿಯಿಂದ ಪ್ರತಿಫಲಿಸಿದ ಬೆಳಕೇ ನಮಗೆ ನೀಲಿಯಾಗಿ, ಹಸುರಾಗಿ ತೋರುತ್ತದೆ. ಬಿಳಿಯ ನವಿಲಿನ ಗರಿಗಳಿಗೆ ಈ ದ್ರವ್ಯವು ಸೇರುವುದಿಲ್ಲ. ಆದುದರಿಂದ ಬಣ್ಣವೂ ಮೂಡುವುದಿಲ್ಲ. ಕಣ್ಣುಗಳಲ್ಲಿ ಮಾತ್ರ ಬಣ್ಣವು ಉಳಿದಿರುವುದರಿಂದ ಅದನ್ನು ಸಂಪೂರ್ಣ ವರ್ಣಹೀನ ಪಕ್ಷಿಯೆನ್ನುವಂತಿಲ್ಲ.

ಇದಕ್ಕಿಂತಲೂ ಕುತೂಹಲಕರವಾದುದು ಕಪ್ಪು ರೆಕ್ಕೆಯ ನವಿಲಿನ ಕಥೆ. ಸಾಮಾನ್ಯ ಗಂಡು ನವಿಲಿನ ರೆಕ್ಕೆಯ ಮೇಲೆ ಪಟ್ಟೆಗಳಿರುತ್ತವೆ. ಇದರ ರೆಕ್ಕೆಯಾದರೋ ಪಟ್ಟೆಗಳಿಲ್ಲದೆ ಕಪ್ಪಾಗಿ ಮಿರುಗುತ್ತದೆ. 1860ರಲ್ಲಿ ಸ್ಕ್ಲೇಟರ್ ಎಂಬ ಇಂಗ್ಲೆಂಡಿನ ಪಕ್ಷಿಶಾಸ್ತ್ರಜ್ಞನು ಇದನ್ನು ಪ್ರತ್ಯೇಕ ಪ್ರಭೇದವೆಂದು ಹೆಸರಿಸಿದನು. ಚಾರ್ಲ್ಸ್ ಡಾರ್ವಿನ್ನನು ಅದನ್ನು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಸಾಕಿದ ಸಾಮಾನ್ಯ ನವಿಲುಗಳ ಹಿಂಡುಗಳಲ್ಲಿಯೇ ಇಂಥ ಮರಿಗಳು ಇದ್ದಕ್ಕಿದ್ದಂತೆ ಹುಟ್ಟಿದ ನಿದರ್ಶನಗಳನ್ನು ಆತನು ಸಂಗ್ರಹಿಸಿದನು. ಇದು ಸಾಮಾನ್ಯ ನವಿಲಿನ ಒಂದು ರೂಪಭೇದವೆಂದು 1868ರ ತನ್ನ ಗ್ರಂಥದಲ್ಲಿ ವಾದಿಸಿದನು. ಆತನ ನಿರ್ಣಯವು ಸರಿಯಾಗಿತ್ತು; ಆದರೆ ಅಡಗಿದ ಗುಣವು ಹರಿದುಬರುವ ನಿಯಮವು ಆತನಿಗೆ ತಿಳಿದಿರಲಿಲ್ಲ. ಬಟಾಣಿ ಗಿಡಗಳ ಪ್ರಯೋಗದಿಂದ ಮೆಂಡೆಲನು ಕಂಡುಕೊಂಡ ಆ ನಿಯಮವು 1866ರಲ್ಲಿಯೇ ಪ್ರಕಟವಾಗಿದ್ದಿತು. ವಿದ್ವಾಂಸರ ಗಮನವು ಅದರತ್ತ ಹರಿದುದು 1900ರಲ್ಲಿ.

ಪ್ರತಿಯೊಂದು ಗುಣಕ್ಕೂ ಮರಿಯು ತಂದೆಯಿಂದ ಒಂದು, ತಾಯಿಯಿಂದ ಒಂದು ಗುಣಾಣುವನ್ನು ಪಡೆಯುತ್ತದೆ. ಕಪ್ಪು ರೆಕ್ಕೆಯ ಗುಣಾಣು ದುರ್ಬಲವಾದುದು. ಸಾಮಾನ್ಯ ಗುಣಾಣುವಿನ ಜೊತೆಯಲ್ಲಿರುವಾಗ ಅದು ತೋರುವುದಿಲ್ಲ. ಆದರೆ ನಾಶವಾಗುವುದೂ ಇಲ್ಲ. ಅದನ್ನು ಒಳಗೊಂಡ ಎರಡು ಸಾಮಾನ್ಯ ನವಿಲುಗಳು ಕೂಡಿದರೆ, ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಕಪ್ಪು ರೆಕ್ಕೆಯದಾಗುತ್ತದೆ. ತಲೆಮಾರುಗಳ ಕಾಲ ಮರೆಯಾಗಿದ್ದ ಗುಣವು ಹೀಗೆ ಒಮ್ಮೆಲೇ ಬೆಳಕಿಗೆ ಬರುತ್ತದೆ.

ಇಲ್ಲಿ ಎಚ್ಚರವೂ ಅಗತ್ಯ. ಅಪೂರ್ವ ಬಣ್ಣದ ಆಸೆಯಿಂದ ಒಡಹುಟ್ಟಿದ ಹಕ್ಕಿಗಳನ್ನೇ ಮತ್ತೆ ಮತ್ತೆ ಜೋಡಿಮಾಡಿದರೆ, ಅಡಗಿದ ಬಣ್ಣವು ಹೊರಬರುವ ದಾರಿಯಲ್ಲಿಯೇ ಅಡಗಿದ ದೌರ್ಬಲ್ಯಗಳೂ ಹೊರಬರುತ್ತವೆ. ಮೊಟ್ಟೆಗಳು ಮರಿಯಾಗದೆ ಹೋಗಬಹುದು; ಹುಟ್ಟಿದ ಮರಿಗಳು ರೋಗಕ್ಕೆ ತುತ್ತಾಗಬಹುದು. ಆದುದರಿಂದ ಬಲ್ಲ ಪಾಲಕರು ವಂಶಾವಳಿಯನ್ನು ಬರೆದಿಟ್ಟು, ಸಂಬಂಧವಿಲ್ಲದ ಹಕ್ಕಿಗಳನ್ನು ತಂದು ಕೂಡಿಸುತ್ತಾರೆ. ಕಾಡಿನಲ್ಲಂತೂ ಬಿಳಿಯ ಮರಿಯು ವೈರಿಯ ಕಣ್ಣಿಗೆ ಬೇಗನೆ ಬೀಳುತ್ತದೆ. ತರಗೆಲೆಯ ಬಣ್ಣದ ಮರಿಯು ಪೊದೆಯಲ್ಲಿ ಅಡಗಿ ಬದುಕುತ್ತದೆ.

ನಮ್ಮ ಕಣ್ಣಿಗೆ ಕಾಣುವುದು ಗರಿಯ ಬಣ್ಣವಷ್ಟೆ. ಸಾಧಾರಣವಾಗಿ ಕಾಣುವ ನವಿಲು ಸಹ ಪೂರ್ವಿಕರಿಂದ ಪಡೆದುದನ್ನು ಮೌನವಾಗಿ ಹೊತ್ತು, ಮುಂದಿನ ಪೀಳಿಗೆಗೆ ಒಪ್ಪಿಸುತ್ತಿರುತ್ತದೆ.