ಮಾತ್ರೆ ಕೊಡಿಸಿದವಳು ನಾನೇ

ಪ್ರಶ್ನೆ: ಅಕ್ಕನಿಗೆ 56 ವರ್ಷ. ನಮ್ಮ ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರೇ ಇಲ್ಲ. ಆದರೂ ಅವಳಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದಿದ್ದಾರೆ. ಮುಟ್ಟು ನಿಲ್ಲುವ ಸಮಯದಲ್ಲಿ ಮೈ ಬಿಸಿಯೇರಿ, ಬೆವರಿ, ನಿದ್ದೆಗೆಡುತ್ತಿದ್ದವಳನ್ನು ಡಾಕ್ಟರ ಬಳಿ ಕರೆದೊಯ್ದು ಹಾರ್ಮೋನ್ ಮಾತ್ರೆ ಕೊಡಿಸಿದವಳು ನಾನು. ಎರಡು ವರ್ಷ ನುಂಗಿದಳು. ಅದರಿಂದಲೇ ಬಂತೇ? ಅವಳ ಮುಖ ನೋಡಲು ಆಗುತ್ತಿಲ್ಲ.
— ಹೆಸರು ಬೇಡ, ಹಾಸನ

ಉತ್ತರ: ಪತ್ರದಲ್ಲಿ ನಿಮ್ಮ ಸಂಕಟ ತುಂಬಿಕೊಂಡಿದೆ. ಮನೆಯವರಿಗೆ ದೊಡ್ಡ ಕಾಯಿಲೆ ಬಂದಾಗ ಮನಸ್ಸು ಒಂದು ಕಾರಣ ಹುಡುಕುತ್ತದೆ. ಬೇರೆ ಯಾರೂ ಸಿಗದಿದ್ದರೆ ತನ್ನನ್ನೇ ಹಿಡಿದುಕೊಳ್ಳುತ್ತದೆ. ಅಕ್ಕನ ಮೇಲಿನ ಪ್ರೀತಿಯೇ ನಿಮ್ಮನ್ನು ಹೀಗೆ ಸುಡುತ್ತಿದೆ.

ನಿಮ್ಮ ಪ್ರಶ್ನೆ ಹುರುಳಿಲ್ಲದ್ದಲ್ಲ, ಹಾಗಾಗಿ ತಿಳಿದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಇಂಥ ಮಾತ್ರೆಗಳಲ್ಲಿರುವ ಈಸ್ಟ್ರೋಜೆನ್ ಹಾರ್ಮೋನ್ ಕೆಲಸ ಮಾಡುವುದು ಗರ್ಭಕೋಶ, ಸ್ತನಗಳಲ್ಲಿ ಮಾತ್ರವಲ್ಲ. ಅದರ ಸಂದೇಶ ಹಿಡಿಯುವ ಗ್ರಾಹಕಗಳು ಶ್ವಾಸಕೋಶದಲ್ಲೂ, ಅಲ್ಲಿನ ಎಷ್ಟೋ ಗಡ್ಡೆಗಳಲ್ಲೂ ಇವೆ. ಅಮೆರಿಕದಲ್ಲಿ ಮುಟ್ಟು ನಿಂತ 16,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2009ರಲ್ಲಿ ಹೊರಬಂತು. ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳೂ ಇದ್ದ ಮಾತ್ರೆಯನ್ನು ಐದಕ್ಕೂ ಹೆಚ್ಚು ವರ್ಷ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಬರುವುದು ಗಣನೀಯವಾಗಿ ಹೆಚ್ಚಿರಲಿಲ್ಲ. ಆದರೆ ಆ ಕ್ಯಾನ್ಸರಿನಿಂದ ತೀರಿಕೊಂಡವರು ಹೆಚ್ಚಿದ್ದರು: ಮಾತ್ರೆಯ ಗುಂಪಿನಲ್ಲಿ 73, ಹಾರ್ಮೋನ್ ಪಡೆಯದ ಗುಂಪಿನಲ್ಲಿ 40. ಒಂದೊಂದು ಗುಂಪಿನಲ್ಲೂ 8,000ಕ್ಕೂ ಹೆಚ್ಚು ಜನರಿದ್ದರೆಂಬುದನ್ನು ಮರೆಯಬೇಡಿ. ಬೇರೊಂದು ಅಧ್ಯಯನದಲ್ಲಿ ಬರಿ ಈಸ್ಟ್ರೋಜೆನ್ ಪಡೆದವರಲ್ಲಿ ಅಂಥ ಏರಿಕೆ ಕಾಣಲಿಲ್ಲ.

ಅಂದರೆ ಎಚ್ಚರ ಬೇಕು, ನಿಜ. ಆದರೆ ನಿಮ್ಮ ಅಕ್ಕನ ಕ್ಯಾನ್ಸರಿಗೆ ಆ ಮಾತ್ರೆಯೇ ಕಾರಣ ಎಂದು ಯಾವ ವೈದ್ಯರೂ ಬೆರಳಿಟ್ಟು ತೋರಿಸಲಾರರು. ಸೇದದವರಿಗೂ ಈ ಕಾಯಿಲೆ ಬರುತ್ತದೆ, ಅವರಲ್ಲಿ ಹೆಂಗಸರೇ ಹೆಚ್ಚು. ಬೇರೆಯವರು ಬಿಟ್ಟ ಹೊಗೆ, ಸೌದೆ ಒಲೆಯ ಹೊಗೆ, ಕೆಟ್ಟ ಗಾಳಿ, ಜೀನುಗಳಲ್ಲಾಗುವ ಬದಲಾವಣೆ, ಎಲ್ಲವೂ ಪಾತ್ರ ವಹಿಸಬಹುದು. ಅಂದು ನೀವು ನಿದ್ದೆಯಿಲ್ಲದೆ ನರಳುತ್ತಿದ್ದ ಅಕ್ಕನನ್ನು ಡಾಕ್ಟರ ಬಳಿ ಕರೆದೊಯ್ದಿರಿ. ಅದು ಅಪರಾಧವಲ್ಲ, ಆರೈಕೆ.

ಈಗ ಒಂದು ಕೆಲಸ ಮಾಡಿ. ಮಾತ್ರೆಯ ಹೆಸರು, ಎಷ್ಟು ಕಾಲ ತೆಗೆದುಕೊಂಡರು ಎಂಬುದನ್ನು ಚೀಟಿಯಲ್ಲಿ ಬರೆದು ಕ್ಯಾನ್ಸರ್ ತಜ್ಞರಿಗೆ ಕೊಡಿ. ಗಡ್ಡೆಯ ತುಣುಕಿನ ಇಜಿಎಫ್‌ಆರ್ ಜೀನ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಸೇದದ ಮಹಿಳೆಯರಲ್ಲಿ ಈ ಜೀನಿನ ಬದಲಾವಣೆ ಹೆಚ್ಚಾಗಿ ಕಾಣುತ್ತದೆ, ಇದ್ದರೆ ಅದಕ್ಕೆಂದೇ ಇರುವ ಮಾತ್ರೆಗಳಿವೆ. ಇನ್ನೊಂದು ಅಭಿಪ್ರಾಯ ಬೇಕೆನಿಸಿದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ವರದಿಗಳನ್ನು ತೆಗೆದುಕೊಂಡು ಹೋಗಬಹುದು.

ಅಕ್ಕನಿಗೆ ನಿಮ್ಮ ಮನಸ್ಸಿನಲ್ಲಿರುವುದನ್ನು ಹೇಳಿ. ಆದರೆ ಕ್ಷಮೆ ಕೊಡುವ ಭಾರವನ್ನು ಅವರ ಮೇಲೆ ಹಾಕಬೇಡಿ, ಅವರಿಗೀಗ ಬೇಕಿರುವುದು ಪಕ್ಕದಲ್ಲಿ ಕೂರುವ ತಂಗಿ. ನಿದ್ದೆ, ಊಟ ಬಿಟ್ಟುಹೋಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಇದನ್ನು ಓದುತ್ತಿರುವ ಎಷ್ಟೋ ಅಕ್ಕತಂಗಿಯರು ಅದೇ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಹೆದರಿ ಈ ರಾತ್ರಿಯೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರನ್ನು ಕಂಡು, ಇನ್ನೂ ಬೇಕೇ, ಎಷ್ಟು ದಿನ ಬೇಕು ಎಂದು ಕೇಳಿ. ಸಿಗರೇಟು ಸೇದುವ ಅಭ್ಯಾಸವಿದ್ದರೆ ಅದನ್ನೂ ಮರೆಮಾಚದೆ ಹೇಳಿ.