ಸಾಮಾನಗಡ ಕಟ್ಟುತ್ತ ಲೆಕ್ಕ ಕಲಿಸುವ ಬಗೆ

ದೀಪಾವಳಿ ಸಮೀಪಿಸಿತೆಂದರೆ ಗಡಹಿಂಗ್ಲಜದ ಅಂಗಳಗಳಲ್ಲಿ ಕಲ್ಲು ಜೋಡಿಸಿ, ಮಣ್ಣು ಮೆತ್ತಿ, ಶಿವಾಜಿ ಮಹಾರಾಜರ ಮೂರ್ತಿಯನ್ನು ಕೂರಿಸಲೆಂದು ಕಿಲ್ಲೆ ಕಟ್ಟುವ ಮಕ್ಕಳು, ಒಂದು ಬುರುಜಿಗೆ ಇನ್ನೊಂದನ್ನು ಸರಿದೂಗಿಸುವ ಶ್ರದ್ಧೆಯಲ್ಲಿ, ತಮಗರಿವಿಲ್ಲದೆಯೇ ಗಣಿತವನ್ನು ಅಭ್ಯಾಸಮಾಡುತ್ತಿರುವರು. ಆ ಶ್ರದ್ಧೆಯನ್ನು ವರ್ಷವಿಡೀ ಉಳಿಸಿಕೊಳ್ಳಲು ಆಟಿಕೆಯ ಇಟ್ಟಿಗೆಗಳು ಉತ್ತಮ ಸಾಧನ. ಕಿಂಡರ್‌ಗಾರ್ಟನ್ ಪದ್ಧತಿಯ ಪ್ರವರ್ತಕನಾದ ಜರ್ಮನಿಯ ಫ್ರೋಬೆಲನು, ಎಂಟು ಪುಟ್ಟ ಘನಗಳು ಕೂಡಿ ಒಂದು ದೊಡ್ಡ ಘನವಾಗುವ ಮರದ ಆಟಿಕೆಯನ್ನು 19ನೆಯ ಶತಮಾನದಲ್ಲಿಯೇ ಮಕ್ಕಳ ಕೈಗಿತ್ತಿದ್ದನು. ಗುಂಡಿಗಳಿಂದ ಒಂದನ್ನೊಂದು ಕಚ್ಚಿ ಹಿಡಿಯುವ ಈಗಿನ ಲೆಗೋ ಇಟ್ಟಿಗೆಯು 1958ರಲ್ಲಿ ಡೆನ್ಮಾರ್ಕಿನಲ್ಲಿ ರೂಪುಗೊಂಡಿತು.

1. ವಿಂಗಡಣೆ: ಬಣ್ಣ, ಉದ್ದ, ಗುಂಡಿಗಳ ಸಂಖ್ಯೆ, ಹೀಗೆ ಒಂದೊಂದು ದಿನ ಒಂದೊಂದು ಲಕ್ಷಣದಿಂದ ಗುಂಪುಮಾಡಿಸಿರಿ. ಅಂಗಡಿಯ ಇಟ್ಟಿಗೆ ಇಲ್ಲದ ಮನೆಯಲ್ಲಿ ಖಾಲಿ ಕಡ್ಡಿಪೆಟ್ಟಿಗೆಗಳೂ ಆದಾವು.

2. ಮಗ್ಗಿ: ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕು ಗುಂಡಿಗಳಿರುವ ಇಟ್ಟಿಗೆಯನ್ನು ಕೊಟ್ಟು, ಬೆರಳಿನಿಂದ ಮುಟ್ಟಿ ಎಣಿಸಲು ಹೇಳಿರಿ. ಮರಾಠಿ ಶಾಲೆಯಲ್ಲಿ ‘ಬೇ ಚೋಕ್ ಆಠ’ ಎಂದು ಕಲಿತು ಬಂದು, ಮನೆಯಲ್ಲಿ ಅಜ್ಜಿಯ ಬಾಯಿಂದ ‘ಎರಡು ನಾಕ್ಲೆ ಎಂಟು’ ಎಂದು ಕೇಳುವ ಗಡಿನಾಡಿನ ಕೂಸಿಗೆ, ಎರಡು ನುಡಿಗಳೂ ಹೇಳುತ್ತಿರುವುದು ಅವೇ ಎಂಟು ಗುಂಡಿಗಳನ್ನೆಂಬುದು ಬೆರಳ ತುದಿಯಲ್ಲಿಯೇ ಮನವರಿಕೆಯಾಗುವುದು.

3. ಭಿನ್ನರಾಶಿ: ಲೆಗೋದಲ್ಲಿ ಮೂರು ತೆಳು ಹಲಗೆಗಳನ್ನು ಪೇರಿಸಿದರೆ ಒಂದು ಇಟ್ಟಿಗೆಯ ಎತ್ತರವಾಗುವುದರಿಂದ, ಒಂದು ಹಲಗೆ ಮೂರನೆಯ ಒಂದು ಪಾಲೆಂಬುದನ್ನು ಮಗುವೇ ಅಳೆದು ಕಂಡುಕೊಳ್ಳಲಿ.

4. ಮೆಟ್ಟಿಲು: ಒಂದೇ ಅಳತೆಯ ಇಟ್ಟಿಗೆಗಳಿಂದ ಒಂದು, ಎರಡು, ಮೂರು, ನಾಲ್ಕು, ಐದರ ಎತ್ತರದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದರೆ ಮೆಟ್ಟಿಲಾಯಿತು. ಅಂಥದೇ ಇನ್ನೊಂದನ್ನು ತಲೆಕೆಳಗು ಮಾಡಿ ಅದಕ್ಕೆ ಹೊಂದಿಸಿದರೆ, ಐದು ಕಂಬ, ಆರು ಎತ್ತರದ ಆಯತವಾಗಿ, 30 ಇಟ್ಟಿಗೆಗಳೂ ಅದರರ್ಧವಾದ 15 ಇಟ್ಟಿಗೆಗಳೂ ಕಣ್ಣೆದುರು ನಿಲ್ಲುವುವು. ಕೂಡದೆಯೇ ಕೂಡಿಸುವ ಸೂತ್ರದ ಬೀಜವು ಇಲ್ಲಿದೆ.

5. ಕೋಟೆ: ಊರಿನ ನೆರೆಯ ಸಾಮಾನಗಡ ಕೋಟೆಯನ್ನು ಒಮ್ಮೆ ತೋರಿಸಿಕೊಂಡು ಬಂದು, ಗೋಡೆಗೆಷ್ಟು, ಬುರುಜಿಗೆಷ್ಟು ಇಟ್ಟಿಗೆ ಬೇಕಾದೀತೆಂದು ಮೊದಲು ಅಂದಾಜು ಬರೆಯಿಸಿ, ಅನಂತರ ಕಟ್ಟಿಸಿರಿ. ಸುತ್ತಳತೆ, ವಿಸ್ತೀರ್ಣ, ಘನಫಲಗಳೆಂಬ ಹೆಸರುಗಳು ಆ ಮೇಲೆ ಬರಲಿ.

ಗೋಡೆ ಬಿದ್ದಾಗ ಎತ್ತಿ ಕಟ್ಟಿಕೊಡಬೇಡಿರಿ. ‘ಯಾಕ ಬಿತ್ತು, ಮಗಾ?’ ಎಂದಷ್ಟೇ ಕೇಳಿ ಕಾಯಿರಿ. ಬುಡವನ್ನು ಒಂದು ಸಾಲು ಅಗಲಮಾಡಿ ಮಗುವು ಮರಳಿ ಕಟ್ಟಿತಾದರೆ, ಆ ದಿನದ ಪಾಠವು ಮುಗಿದಂತೆಯೇ.